ಜೀವಕ್ಕೆ ಜೀವ ಸಮವೇ?

ಎಲ್ಲ ಮನುಷ್ಯರ ಜೀವವೂ ಸಮಾನವೆಂದು ಹೇಳುವುದು ಯಾರಿಗೂ ಕಷ್ಟವಲ್ಲ. ಎರಡು ಜೀವಗಳು ಏಕಕಾಲದಲ್ಲಿ ಸಂಕಟಕ್ಕೆ ಸಿಲುಕಿದಾಗ ಆ ಮಾತಿನ ತೂಕ ತಿಳಿಯುತ್ತದೆ.

ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು, ಈಗ ಕಡಬ ತಾಲ್ಲೂಕಿನಲ್ಲಿರುವ ರೆಂಜಿಲಾಡಿ ಗ್ರಾಮದಲ್ಲಿ 2023ರ ಫೆಬ್ರವರಿ 20ರ ಬೆಳಿಗ್ಗೆ, ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ತರುಣಿಯೊಬ್ಬಳ ಮೇಲೆ ಕಾಡಾನೆ ಎರಗಿತು. ಅವಳ ಕೂಗನ್ನು ಕೇಳಿ ನೆರೆಯ ಗೃಹಸ್ಥರೊಬ್ಬರು ನೆರವಿಗೆ ಧಾವಿಸಿದರು. ಆನೆ ಅವರನ್ನೂ ಕೊಂದಿತು, ತರುಣಿಯೂ ಉಳಿಯಲಿಲ್ಲ.

ಲೆಕ್ಕ ಹಾಕುವವನು ಇಲ್ಲಿ ಕೇಳಿಯಾನು: ಆ ಗೃಹಸ್ಥರು ಮನೆಯಲ್ಲಿಯೇ ಇದ್ದಿದ್ದರೆ ಒಂದು ಜೀವವಾದರೂ ಉಳಿಯುತ್ತಿತ್ತಲ್ಲವೇ? ಗಣಿತವೇನೋ ಸರಿ. ಆದರೆ ಅದು ಫಲವನ್ನು ಕಂಡ ಮೇಲೆ ಕೂಡಿಸಿದ ಗಣಿತ. ಕೂಗು ಕಿವಿಗೆ ಬಿದ್ದ ಗಳಿಗೆಯಲ್ಲಿ ಅವರ ಮುಂದಿದ್ದುದು ನೆರೆಮನೆಯ ಒಂದು ಜೀವ ಮಾತ್ರ. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ ಬೆಲೆಯನ್ನೂ ಘನತೆಯನ್ನೂ ಬೇರೆ ಬೇರೆಯಾಗಿ ವಿವೇಚಿಸಿದ್ದಾನೆ. ಬೆಲೆಯುಳ್ಳ ವಸ್ತುವಿಗೆ ಬದಲಿ ದೊರೆಯುತ್ತದೆ, ಮನುಷ್ಯನಿಗೆ ಬದಲಿಯಿಲ್ಲ. ಬದಲಿಯೇ ಇಲ್ಲದವರನ್ನು ಒಂದು, ಎರಡು ಎಂದು ಕೂಡಿ ಕಳೆಯುವುದು ಹೇಗೆ?

ಹಾಗಾದರೆ ಓಡದೆ ನಿಂತವನು ದೋಷಿಯೇ? ತೀರ್ಪಿಗೆ ನಾವು ಅವಸರಪಡಬಾರದು. ನೆರೆಯವನ ಜೀವ ನನ್ನ ಜೀವಕ್ಕಿಂತ ಕೀಳೆಂದು ಬಗೆಯುವ ಅಧಿಕಾರ ನನಗಿಲ್ಲ. ನಿನ್ನ ಜೀವವನ್ನು ಪಣಕ್ಕಿಡೆಂದು ಅವನಿಗೆ ಆಜ್ಞಾಪಿಸುವ ಅಧಿಕಾರವೂ ಇಲ್ಲ. ಪ್ರಾಣವನ್ನು ಒಡ್ಡುವ ಸ್ವಾತಂತ್ರ್ಯ ಆ ಪ್ರಾಣವುಳ್ಳವನದೇ. (ಪರರ ಪ್ರಾಣವನ್ನು ಒಡ್ಡಿ ತಾವು ಧೀರರೆನಿಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ.) ಆದುದರಿಂದ ಓಡಿದವರನ್ನು ನಾವು ಕೈಮುಗಿದು ನೆನೆಯಬೇಕು, ಓಡಲಾರದವನನ್ನು ಹಳಿಯಬಾರದು.

ವೈದ್ಯನ ಕಷ್ಟ ಬೇರೆ ಬಗೆಯದು. ಹಾಸಿಗೆ ಒಂದು, ರೋಗಿಗಳಿಬ್ಬರು ಎಂದಾಗ ಅವನು ಆರಿಸಲೇಬೇಕು. ರೋಗವನ್ನು ತೂಗಲಿ, ರೋಗಿಯ ಕುಲವನ್ನೂ ಆಸ್ತಿಯನ್ನೂ ತೂಗಕೂಡದು.

ಆದರೂ ನಮ್ಮನ್ನು ಹೆಚ್ಚು ಕಾಡುವುದು ಆ ಬೆಳಗಿಗೆ ಮುಂಚಿನ ದಿನಗಳು. ಕಡಬ, ಸುಳ್ಯಗಳ ಕಾಡಂಚಿನವರಿಗೆ ಕಾಡಾನೆಯ ಉಪಟಳ ಹೊಸದಲ್ಲ. ದುರಂತವಾದ ಮೂರೇ ದಿನಗಳಲ್ಲಿ, ಫೆಬ್ರವರಿ 23ರಂದು, ಸಾಕಾನೆಗಳ ನೆರವಿನಿಂದ ಅರಣ್ಯ ಇಲಾಖೆಯು ಅಲ್ಲಿ ಒಂದು ಕಾಡಾನೆಯನ್ನು ಸೆರೆಹಿಡಿಯಿತು. ಮೂರು ದಿನಗಳಲ್ಲಿ ಆಗಬಹುದಾದ ಕೆಲಸಕ್ಕೆ ಎರಡು ಹೆಣಗಳು ಬೀಳಬೇಕಾಯಿತೇ? ಬೆಳ್ಳಂಬೆಳಿಗ್ಗೆ ಕಾಡುಹಾದಿಯಲ್ಲಿ ಹಾಲು ಹೊತ್ತು ನಡೆಯುವವರ ಜೀವ, ಆ ಹಾಲನ್ನು ಪಟ್ಟಣದಲ್ಲಿ ಕುಳಿತು ಕುಡಿಯುವ ನಮ್ಮ ನಿಮ್ಮ ಜೀವಕ್ಕೆ ಸಮವೆಂದು ಯಾರಾದರೂ ಮೊದಲೇ ಎಣಿಸಿದ್ದರೇ?