ಅಮಾನತು ಎಂಬ ಮಾತು

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಮೇಲೆ ನಿಂತವರಿಗೆ ನೀರು ಕಾಣುತ್ತದೆ, ತಳದ ಹೂಳು ಕಾಣುವುದಿಲ್ಲ. 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಲ್ಲುವ ತನಕ ಅಲ್ಲಿನ ಮಣ್ಣು ಮಳೆಗಾಲದಲ್ಲಿ ಇದೇ ನದಿಗೆ ಇಳಿಯುತ್ತಿತ್ತು. ಮೇಲೆ ಅಗೆದವರು ಯಾರೋ, ಕೆಳಗೆ ಹೂಳು ಹೊತ್ತವರು ಯಾರೋ. ನೆಲದೊಳಗಿನ ಸಂಪತ್ತು ಯಾರದು ಎಂಬ ಪ್ರಶ್ನೆ ನಮ್ಮನ್ನು ಕಾಡುವುದು ಇಲ್ಲಿಂದಲೇ.

ಆಫ್ರಿಕಾದ ನೈಜೀರಿಯಾದಲ್ಲಿ 1956ರಲ್ಲಿ ತೈಲ ಸಿಕ್ಕಿತು, 1960ರಲ್ಲಿ ಸ್ವಾತಂತ್ರ್ಯ ಬಂತು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಸೇನಾಧಿಕಾರಿಗಳು. 1993ರಿಂದ 1998ರವರೆಗೆ ಆಳಿದ ಜನರಲ್ ಸಾನಿ ಅಬಾಚಾ ಸತ್ತ ಮೇಲೆ, ಅವನ ಕಡೆಯವರು ಬಚ್ಚಿಟ್ಟಿದ್ದ ನೂರು ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಸ್ವಿಟ್ಜರ್ಲೆಂಡ್ ಒಂದೇ ಕಂತುಕಂತಾಗಿ ಹಿಂದಿರುಗಿಸಿತು. ತೈಲದಿಂದ ಹಾಳಾದ ತನ್ನ ಜನರ ನೆಲಕ್ಕಾಗಿ ದನಿಯೆತ್ತಿದ ಲೇಖಕ ಕೆನ್ ಸಾರೊ-ವಿವಾರನ್ನು ಎಂಟು ಮಂದಿಯೊಂದಿಗೆ 1995ರ ನವೆಂಬರ್ 10ರಂದು ಗಲ್ಲಿಗೇರಿಸಲಾಯಿತು.

ಬಂದೂಕಿನ ರಾಜ್ಯದಲ್ಲಿ ಇನ್ನೇನಾಗುತ್ತದೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಬಳ್ಳಾರಿಯಲ್ಲಿ ಬಂದೂಕಿನ ಸರಕಾರ ಇರಲಿಲ್ಲ, ನಾವೇ ಮತ ಹಾಕಿ ತಂದ ಸರಕಾರವಿತ್ತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಯಿತು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ ಅಂದಾಜಿಸಿತು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಆಗ ಊರಲ್ಲಿ ಏನು ಕೇಳುತ್ತಿತ್ತು? "ತಿಂದರೇನಂತೆ, ನಾಲ್ಕು ಜನಕ್ಕೆ ಕೊಟ್ಟೂ ಕೊಟ್ಟರಲ್ಲ!" ಈ ಮಾತು ಹೊರಗಿನವರದಲ್ಲ, ನಮ್ಮದೇ. ಮದುವೆಗೆ ನೆರವು ಕೊಟ್ಟವರನ್ನು, ಮಸೀದಿಗೋ ಗುಡಿಗೋ ಚಂದಾ ಬರೆಸಿದವರನ್ನು ಈ ಹಣ ಎಲ್ಲಿಯದು ಎಂದು ನಾವು ಕೇಳಿದ್ದುಂಟೆ? ಕದ್ದುದರಲ್ಲಿ ಚೂರು ದಾನ ಮಾಡಿದರೆ ಕದ್ದದ್ದು ಶುದ್ಧವಾಗುವುದಿಲ್ಲ. ತೆಗೆದುಕೊಂಡವರ ಬಾಯಿ ಮಾತ್ರ ಮುಚ್ಚುತ್ತದೆ.

ನಾವು ಉರ್ದು ಶಾಲೆಯಲ್ಲಿ ಕಲಿತ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಅದೇ ಶಬ್ದ ಕನ್ನಡಕ್ಕೆ ಬಂದು, ತಪ್ಪು ಮಾಡಿದ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವ ಹೆಸರಾಯಿತು. ನಂಬಿಕೆ ಹೋಗಿ ಶಿಕ್ಷೆಯಷ್ಟೇ ನಮ್ಮ ನೆನಪಿನಲ್ಲಿ ಉಳಿದಿದೆ. ಅದಿರು, ತೈಲ, ನೀರು ಯಾವುದೂ ನಾವು ಮಾಡಿದ್ದಲ್ಲ. ಹುಟ್ಟಲಿರುವ ಮಕ್ಕಳ ಪಾಲೂ ಅದರಲ್ಲಿದೆ. ಹಾಗಿದ್ದರೆ ಅದನ್ನು ಕಾಯಬೇಕಾದವರು ಮಂತ್ರಿಗಳು ಮಾತ್ರವೆ?

ನೈಜೀರಿಯಾದವರ ಮೌನಕ್ಕೆ ನೇಣುಗಂಬದ ನೆಪವಿತ್ತು. ನಮ್ಮ ಮೌನಕ್ಕೆ ಯಾವ ನೆಪವಿದೆ?