ಪರಕೃತಿಯೂ ಕಲಾವಿದನ ಋಣವೂ

ಒಬ್ಬನು ರಚಿಸಿದ ಚಿತ್ರವನ್ನು ಮತ್ತೊಬ್ಬನು ನೋಡಿ ಬರೆದರೆ ಅದು ಸ್ವೀಕಾರವೋ ಚೌರ್ಯವೋ ಎಂಬ ಪ್ರಶ್ನೆಯು ಹಳೆಯದು. ಪೂರ್ವಿಕರ ಕೃತಿಗಳನ್ನು ನೋಡದೆ ಕುಂಚ ಹಿಡಿದವರು ವಿರಳರಾದುದರಿಂದ, ತೆಗೆದುಕೊಂಡ ಮಾತ್ರಕ್ಕೆ ಯಾರನ್ನೂ ಚೋರನೆನ್ನಲಾಗದು. ಹಾಗಾದರೆ ಎಲ್ಲೆಯೆಲ್ಲಿ?

ಕಾವ್ಯದ ವಿಷಯದಲ್ಲಿ 9ನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಇದನ್ನು ವಿಚಾರಿಸಿದ್ದಾನೆ. ಕೃತಿಗಳೊಳಗಣ ಸಾದೃಶ್ಯವು ಮೂರು ತೆರನಾದುದು: ಪ್ರತಿಬಿಂಬದಂತೆ, ಚಿತ್ರಪಟದಂತೆ, ಪರಸ್ಪರ ಹೋಲುವ ಇಬ್ಬರು ದೇಹಿಗಳಂತೆ. ಮೊದಲೆರಡು ತ್ಯಾಜ್ಯವು, ಮೂರನೆಯದು ಗ್ರಾಹ್ಯವು, ಏಕೆಂದರೆ ಅದಕ್ಕೆ ತನ್ನದೇ ಆದ ಆತ್ಮವುಂಟು.

ಈ ಒರೆಗಲ್ಲು ಚಿತ್ರಕಲೆಗೂ ಸಲ್ಲುತ್ತದೆ. ಡಚ್ ಚಿತ್ರಕಾರನಾದ ವ್ಯಾನ್ ಗೋ 1889-90ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ, 1875ರಲ್ಲಿ ಗತಿಸಿದ್ದ ಮಿಲೆಯ ರೈತಚಿತ್ರಗಳ ಕಪ್ಪು ಬಿಳುಪಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಸುಮಾರು 20 ಪಟಗಳನ್ನು ಬರೆದನು. ರೇಖೆಯು ಮಿಲೆಯದು, ವರ್ಣವು ತನ್ನದು. ವಾದಕನು ಬೇರೊಬ್ಬನ ಸಂಗೀತರಚನೆಯನ್ನು ನುಡಿಸುವಂತೆ ಇದು ಎಂದು ಸೋದರನಿಗೆ ಬರೆದು, ಮಿಲೆಯ ಹೆಸರನ್ನು ನಿಸ್ಸಂಕೋಚವಾಗಿ ಹೇಳಿದನು. ಅಲ್ಲಿ ಆತ್ಮವೂ ಇದೆ, ಕೃತಜ್ಞತೆಯೂ ಇದೆ.

ಆದರೆ ಇವೆರಡೂ ಸದಾ ಜೊತೆಗೂಡಿ ಬರುವುದಿಲ್ಲ. ಅಮೆರಿಕದ ಲಿಕ್ಟೆನ್‌ಸ್ಟೈನನು 1963ರಲ್ಲಿ ಬರೆದ 'ವ್ಹಾಮ್' ಎಂಬ ಪಟದ ಮೂಲವು, 1962ರ ಒಂದು ಯುದ್ಧಕಥಾ ಚಿತ್ರಪತ್ರಿಕೆಯಲ್ಲಿ ಇರ್ವ್ ನೋವಿಕನು ಬರೆದ ಚಿಕ್ಕ ಚೌಕಟ್ಟು. ಅದನ್ನು ಹಿಗ್ಗಿಸಿ, ಬದಲಿಸಿ, ಸುಮಾರು 4 ಮೀಟರ್ ಅಗಲದ ಗಂಭೀರ ಕೃತಿಯನ್ನಾಗಿಸಿದುದು ನಿಜವಾದ ಸೃಷ್ಟಿಯೇ ಸರಿ. ಲಂಡನ್ನಿನ ಟೇಟ್ ಚಿತ್ರಶಾಲೆಯು 1966ರಲ್ಲಿ ಅದನ್ನು ಕೊಂಡಿತು. ಕಥಾಪತ್ರಿಕೆಗಳೇ ತನಗೆ ಆಕರವೆಂಬುದನ್ನು ಅವನು ಮುಚ್ಚಿಡಲಿಲ್ಲವಾದಕಾರಣ ಅದನ್ನು ಚೌರ್ಯವೆನ್ನುವುದು ಅನ್ಯಾಯವಾದೀತು. ಆದರೂ ನೋವಿಕನ ಹೆಸರು ಪಟದ ಮೇಲಿಲ್ಲ. ಮಿಲೆಯು ಪ್ರಸಿದ್ಧನು, ಇವನಾದರೋ ಕೂಲಿಗೆ ಬರೆಯುವವನು. ಹೆಸರು ಹೇಳುವ ಮರ್ಯಾದೆಯು ಹಿರಿಯರಿಗೆ ಮಾತ್ರವೇ ಮೀಸಲೆ?

ಆದಕಾರಣ ಪ್ರಶ್ನೆಗಳು ಎರಡೆಂದು ತಿಳಿಯಬೇಕು. ಹೊಸ ಜೀವವು ಬಂದಿತೆ ಎಂಬುದು ಕೃತಿಯ ಪರೀಕ್ಷೆ. ಋಣವನ್ನು ಒಪ್ಪಿಕೊಂಡನೆ ಎಂಬುದು ಕರ್ತೃವಿನ ಪರೀಕ್ಷೆ. ಚೋರನು ಎರಡರಲ್ಲಿಯೂ ಸೋಲುತ್ತಾನೆ. ಪ್ರತಿಭಾವಂತನು ಮೊದಲನೆಯದರಲ್ಲಿ ಗೆದ್ದ ಮಾತ್ರಕ್ಕೆ ಎರಡನೆಯದರಿಂದ ಮುಕ್ತನಾಗಲಾರನು. ಸಾಲದ ಬೀಜದಿಂದ ಬೆಳೆದ ಪೈರು ಬಿತ್ತಿದವನದೇ ಆದರೂ, ಬೀಜ ಕೊಟ್ಟವನನ್ನು ಮರೆಯುವುದು ಧರ್ಮವಲ್ಲ. ಮಿಲೆಯನ್ನು ನೆನೆದುದರಿಂದ ವ್ಯಾನ್ ಗೋನ ಹಿರಿಮೆಯು ಎಳ್ಳಷ್ಟೂ ಕುಂದಲಿಲ್ಲವಷ್ಟೆ.