ಪರರ ಉಡಿಗೆಯನ್ನು ಉಡುವ ವಿಷಯ

ಒಂದು ಜನಾಂಗದವರ ಉಡಿಗೆಯನ್ನಾಗಲಿ ತಲೆಗೂದಲಿನ ಅಲಂಕಾರವನ್ನಾಗಲಿ ಮತ್ತೊಂದು ಜನಾಂಗದವರು ಧರಿಸುವದು ನ್ಯಾಯವೋ ಎಂಬ ವಾದವು ಈಗ ಅನೇಕ ದೇಶಗಳಲ್ಲಿ ನಡೆಯುತ್ತಲಿದೆ. ಅಮೇರಿಕದಲ್ಲಿ ಕಪ್ಪುಜನರ ಮಕ್ಕಳು ತಮ್ಮ ಹಿರಿಯರ ರೀತಿಯಲ್ಲಿ ಸಣ್ಣ ಸಣ್ಣ ಜಡೆಗಳನ್ನು ಹೆಣೆದುಕೊಂಡದ್ದಕ್ಕಾಗಿ ಶಾಲೆಯಿಂದ ಹೊರಗೆ ಕಳುಹಿಸಲ್ಪಟ್ಟದ್ದುಂಟು; ದೊಡ್ಡವರು ಕೆಲಸವನ್ನು ಕಳಕೊಂಡದ್ದೂ ಉಂಟು. ಅಂಥದೇ ಜಡೆಯನ್ನು ಬಿಳಿಯ ಹೆಂಗಸು ಹಾಕಿಕೊಂಡರೆ ಹೊಸ ಸೊಗಸೆಂದು ಹೊಗಳುವರು. ಕೂದಲಿನ ನಿಮಿತ್ತ ಯಾರನ್ನೂ ತಳ್ಳಿಬಿಡಬಾರದೆಂದು ಕಾಲಿಫೋರ್ನಿಯ ಸೀಮೆಯವರು 2019ನೇ ಇಸವಿಯಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಹಾಗಾದರೆ ಅವರವರ ಉಡಿಗೆ ಅವರವರಿಗೇ ಇರಲಿ, ಯಾರೂ ಮತ್ತೊಬ್ಬರದನ್ನು ಮುಟ್ಟದಿರಲಿ ಎಂದು ಹೇಳಿಬಿಡೋಣವೋ? ಈ ಮಾತು ಕೇಳಲಿಕ್ಕೆ ನ್ಯಾಯವಾಗಿ ತೋರುತ್ತದೆ. ಆದರೆ ಇದೇ ಮಾತಿನಿಂದ ನಮ್ಮ ದಕ್ಷಿಣ ದೇಶದಲ್ಲಿ ಉಂಟಾದ ಹಿಂಸೆಯನ್ನು ತಿಳಿದವರು ಅದನ್ನು ಬೇಗನೆ ಒಪ್ಪಲಾರರು.

ತಿರುವಾಂಕೂರು ಸಂಸ್ಥಾನದ ತೆಂಕಣ ಭಾಗದಲ್ಲಿ, ಅಂದರೆ ಈಗಿನ ಕನ್ಯಾಕುಮಾರಿಯ ಕಡೆಯಲ್ಲಿ, ಶಾಣಾರರೆಂಬ ತಾಳೆಮರ ಹತ್ತುವ ಜನರಿದ್ದರು. ಈಗ ಅವರನ್ನು ನಾಡಾರರೆಂದು ಕರೆಯುತ್ತಾರೆ. ಅವರ ಸ್ತ್ರೀಯರು ಮೇಲುಜಾತಿಯವರ ಮುಂದೆ ಎದೆಯನ್ನು ಮುಚ್ಚಬಾರದೆಂಬ ಕಟ್ಟಳೆ ಇತ್ತು. ಅವರಲ್ಲಿ ಅನೇಕರು ಸುವಾರ್ತೆಯನ್ನು ಅಂಗೀಕರಿಸಿದಾಗ ಮಿಶನರಿಗಳ ಪತ್ನಿಯರು ಅವರಿಗಾಗಿ ಸಡಿಲವಾದ ಕುಪ್ಪಸವನ್ನು ಏರ್ಪಡಿಸಿದರು. ಆದರೆ ಆ ಸ್ತ್ರೀಯರು ಅದರಿಂದ ತೃಪ್ತರಾಗದೆ, ನಾಯರ ಸ್ತ್ರೀಯರು ಹೆಗಲ ಮೇಲೆ ಹಾಕಿಕೊಳ್ಳುವಂಥ ಮೇಲುವಸ್ತ್ರವನ್ನೇ ಹಾಕಿಕೊಂಡರು. ಅದು ನಮ್ಮದು ಎಂದು ಮೇಲಿನವರು ಕೆರಳಿ ಎದ್ದರು. ಸಂತೆಯಲ್ಲಿ ಬಟ್ಟೆಗಳನ್ನು ಹರಿದರು. ಪ್ರಾರ್ಥನಾಮಂದಿರಗಳಿಗೂ ಶಾಲೆಗಳಿಗೂ ಬೆಂಕಿಯಿಟ್ಟರು. 1829ರ ಸರಕಾರೀ ಪ್ರಕಟಣೆಯು ಅವರಿಗೆ ಮೇಲುವಸ್ತ್ರವನ್ನು ನಿಷೇಧಿಸಿತು. 1858ರಲ್ಲಿ ಪುನಃ ಗಲಭೆಯೆದ್ದು, ಮದ್ರಾಸಿನ ಗವರ್ನರರಾದ ಟ್ರೆವೆಲಿಯನ್ ಸಾಹೇಬರು ಒತ್ತಾಯಪಡಿಸಿದ ಮೇಲೆ, 1859ನೇ ಜುಲೈ 26ರಲ್ಲಿ ಮಹಾರಾಜರು ಬೇರೊಂದು ಪ್ರಕಟಣೆಯನ್ನು ಹೊರಡಿಸಿದರು. ಅದರ ತಾತ್ಪರ್ಯವನ್ನು ಗಮನಿಸಿರಿ: ಎದೆಯನ್ನು ಮುಚ್ಚಬಹುದು, ಕುಪ್ಪಸವನ್ನು ತೊಡಬಹುದು, ಬೆಸ್ತರ ಹೆಂಗಸರಂತೆ ಒರಟು ಬಟ್ಟೆಯನ್ನು ಸುತ್ತಿಕೊಳ್ಳಬಹುದು, ಮೇಲುಜಾತಿಯ ಸ್ತ್ರೀಯರ ಹಾಗೆ ಮಾತ್ರ ಉಡಬಾರದು. ಮಾನ ಮುಚ್ಚುವದಕ್ಕೆ ಅಪ್ಪಣೆ ಸಿಕ್ಕಿತು, ಹೋಲುವದಕ್ಕೆ ಸಿಕ್ಕಲಿಲ್ಲ!

ಆದಕಾರಣ 'ಅದು ನಮ್ಮದು' ಎಂಬ ಮಾತನ್ನು ಕೇಳಿದ ಕೂಡಲೇ ತೀರ್ಪು ಮಾಡಬಾರದು. ಹೇಳುವವನು ಯಾರು, ಬೇರೊಬ್ಬನು ಉಟ್ಟದ್ದರಿಂದ ಅವನಿಗಾದ ನಷ್ಟವೇನು ಎಂದು ವಿಚಾರಿಸಬೇಕು. ನಾಯರ ಸ್ತ್ರೀಯ ಹೆಗಲ ವಸ್ತ್ರದಲ್ಲಿ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಏಸಾವನಾದರೋ, ತಮ್ಮನು ತನ್ನ ವಸ್ತ್ರಗಳನ್ನು ತೊಟ್ಟದ್ದರಿಂದ ತಂದೆಯ ಆಶೀರ್ವಾದವನ್ನೇ ಕಳಕೊಂಡನು.

ದಕ್ಷಿಣ ಕನ್ನಡ ಸೀಮೆಯಲ್ಲಿ ಹಬ್ಬದ ಕಾಲದಲ್ಲಿ ಕೊರಗ ವೇಷವನ್ನು ಹಾಕುವ ವಾಡಿಕೆಯು ಬಹುಕಾಲ ನಡೆದು ಬಂತು. ಮೈಗೆ ಮಸಿ ಬಳಕೊಂಡು, ತಲೆಗೆ ಹಾಳೆಯ ಮುಟ್ಟಾಳೆಯನ್ನಿಟ್ಟು, ಸೊಪ್ಪನ್ನು ಕಟ್ಟಿಕೊಂಡು ಕುಣಿದು ಜನರನ್ನು ನಗಿಸುವರು. ಕೊರಗರ ಸ್ತ್ರೀಯರು ಹಿಂದೆ ಸೊಂಟಕ್ಕೆ ಸೊಪ್ಪನ್ನು ಕಟ್ಟುತ್ತಿದ್ದದ್ದು ನಿಜವೇ. ಆದರೆ ಆ ಜನರಿಗೆ ಉಗುರನ್ನೂ ಕೂದಲನ್ನೂ ಬೆರಸಿದ ಅನ್ನವನ್ನು ತಿನ್ನಿಸುವ ಅಜಲು ಪದ್ಧತಿಯನ್ನು ತಡೆಯುವದಕ್ಕೆ 2000ನೇ ಇಸವಿಯಲ್ಲಿ ಕರ್ನಾಟಕ ಸರಕಾರದ ಕಾಯಿದೆ ಬೇಕಾಯಿತು ಎಂಬದನ್ನು ನೆನಸಿರಿ. ವೇಷಧಾರಿಯು ಸಾಯಂಕಾಲ ಮಸಿಯನ್ನು ತೊಳಕೊಂಡು ಮನೆಗೆ ಹೋಗಿ ಉಣ್ಣುವನು. ಕೊರಗನು ಏನನ್ನು ತೊಳಕೊಳ್ಳಲಿ? ಕ್ರಿಸ್ಮಸ್ ನಾಟಕಕ್ಕೆ ವೇಷಗಳನ್ನು ಹುಡುಕುವ ನಮ್ಮ ಯೌವನಸ್ಥರು ಇದನ್ನು ಸ್ವಲ್ಪ ಯೋಚಿಸಿದರೆ ಒಳ್ಳೇದು.

ಎಲ್ಲಾ ಎರವಲೂ ಕಳವಲ್ಲ. ಯೋನಾತಾನನು ತನ್ನ ನಿಲುವಂಗಿಯನ್ನು ತಾನೇ ಬಿಚ್ಚಿ ದಾವೀದನಿಗೆ ಕೊಟ್ಟನು. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಲಂಬಾಣಿ ಸ್ತ್ರೀಯರು ಚಿಕ್ಕ ಕನ್ನಡಿಗಳನ್ನೂ ಕವಡೆಗಳನ್ನೂ ಇಟ್ಟು ಕಸೂತಿ ಹಾಕಿದ ಬಟ್ಟೆಗಳನ್ನು ಮಾರಿ ಜೀವಿಸುತ್ತಾರೆ. ಕೊಂಡವರು ಉಟ್ಟರೆ ಅವರಿಗೆ ಸಂತೋಷವೇ. ಅದೇ ನಮೂನೆಯನ್ನು ಯಂತ್ರದಲ್ಲಿ ಅಚ್ಚೊತ್ತಿಸಿ ಜಾತ್ರೆಯಲ್ಲಿ ಅಗ್ಗವಾಗಿ ಮಾರಿದರೆ ಹೇಗೆ? ಇಲ್ಲಿ ನನಗೂ ತೀರ್ಪು ಕಷ್ಟವಾಗಿದೆ. ಕೊಂಡುಕೊಂಡ ಬಡ ಹುಡುಗಿಯಲ್ಲಿ ನಾನು ತಪ್ಪು ಹಿಡಿಯಲಾರೆ. ಅಚ್ಚೊತ್ತಿಸಿದ ವ್ಯಾಪಾರಿಯು ಲೆಕ್ಕ ಕೊಡಬೇಕಾಗಿದೆ. ಯಾಕಂದರೆ ಅವನ ಲಾಭದಲ್ಲಿ ಒಂದು ಕಾಸಾದರೂ ಆ ತಾಂಡದ ಬಾಗಿಲಿಗೆ ಮುಟ್ಟುವದಿಲ್ಲ.